ಸೋನೆ ಮಳೆಯಲ್ಲಿ ಹದಿನೆಂಟು ಹೋಲ್

ಬೆಂಗಳೂರಿನ ಗಾಲ್ಫರ್‌ಗೆ ಮಳೆಗಾಲ ಒಂದಲ್ಲ, ಎರಡು. ಜೂನ್, ಜುಲೈ ತಿಂಗಳ ಮಳೆ ಜಿಟಿಜಿಟಿ ಅನ್ನುತ್ತಾ ಇಡೀ ದಿನ ಕಾಡುತ್ತದೆ, ಆದರೆ ಕೋರ್ಸನ್ನು ಮುಳುಗಿಸುವುದು ಕಡಿಮೆ. ಆಗಸ್ಟ್ ಕಳೆದ ಮೇಲಿನದು ಬೇರೆ ಜಾತಿ. ಮಧ್ಯಾಹ್ನದವರೆಗೆ ಚುರುಗುಟ್ಟುವ ಬಿಸಿಲು, ಮೂರೂವರೆಗೆ ಕಪ್ಪು ಮೋಡ, ಐದರ ಹೊತ್ತಿಗೆ ಧೋ. ವರ್ಷದಲ್ಲಿ ಈ ಊರಿಗೆ ಹೆಚ್ಚು ಮಳೆ ಸುರಿಯುವ ತಿಂಗಳು ಸೆಪ್ಟೆಂಬರ್. ಹಾಗಾಗಿ ಮಳೆ ದಿನದ ಮೊದಲ ತೀರ್ಮಾನ ಯಾವ ಕ್ಲಬ್, ಅಂದರೆ ಯಾವ ಹೊಡೆಯುವ ಕೋಲು, ಎಂಬುದಲ್ಲ; ಎಷ್ಟು ಗಂಟೆಯ ಟೀ ಟೈಮ್, ಅಂದರೆ ಆಟ ಶುರು ಮಾಡುವ ಹೊತ್ತು, ಎಂಬುದು. ಬೆಳಿಗ್ಗೆ ಆರೂವರೆಯ ಸ್ಲಾಟ್ ತೆಗೆದುಕೊಂಡರೆ ರಾತ್ರಿಯ ನೀರು ಹುಲ್ಲಿನಲ್ಲಿ ಇನ್ನೂ ಇರುತ್ತದೆ, ಮೇಲಿನಿಂದ ಬೀಳುವುದು ಕಡಿಮೆ. ಮಧ್ಯಾಹ್ನದ ಸ್ಲಾಟ್‌ನಲ್ಲಿ ಫೇರ್‌ವೇ, ಅಂದರೆ ಹೋಲ್‌ವರೆಗಿನ ಕತ್ತರಿಸಿದ ಹುಲ್ಲಿನ ಹಾದಿ, ಒಣಗಿರುತ್ತದೆ, ಆದರೆ ಹದಿಮೂರು ಹದಿನಾಲ್ಕನೇ ಹೋಲ್‌ಗೆ ಬರುವಷ್ಟರಲ್ಲಿ ಗುಡುಗು ಶುರು. ಒದ್ದೆ ಹುಲ್ಲಿಗೆ ಉಪಾಯ ಉಂಟು, ಸಿಡಿಲಿಗೆ ಇಲ್ಲ. ಬೆಳಗಿನದೇ ವಾಸಿ.

ಕೊಡಗು, ಚಿಕ್ಕಮಗಳೂರಿನ ಕಡೆಯ ಕೋರ್ಸ್‌ಗಳ ಲೆಕ್ಕವೇ ಬೇರೆ. ಆರಿದ್ರಾ ಮಳೆ ಹಿಡಿಯಿತೆಂದರೆ ಬೆಳಿಗ್ಗೆ, ಸಂಜೆ ಎಂಬ ಭೇದವಿಲ್ಲ. ಅಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಆಡುವವರು ಮಳೆ ನಿಲ್ಲಲಿ ಎಂದು ಕಾಯುವುದಿಲ್ಲ, ಸ್ವಲ್ಪ ಸಣ್ಣಗಾಗಲಿ ಎಂದು ಕಾಯುತ್ತಾರೆ.

ಎಲ್ಲಿಯೇ ಆಡಿ, ಮಳೆಯಲ್ಲಿ ಸ್ಕೋರ್ ಕೆಡುವುದಕ್ಕೆ ಮೊದಲ ಕಾರಣ ಗ್ರಿಪ್. ಹಿಡಿ ಜಾರುತ್ತದೆ ಎಂಬ ಅನುಮಾನ ಬಂದ ಕೂಡಲೇ ಕೈ ತಾನಾಗಿ ಬಿಗಿಯಾಗುತ್ತದೆ, ಮುಂಗೈ ಸೆಟೆದುಕೊಳ್ಳುತ್ತದೆ, ಮಣಿಕಟ್ಟು ತಿರುಗುವುದಿಲ್ಲ, ಚೆಂಡು ಬಲಕ್ಕೆ ಹೋಗುತ್ತದೆ. ಆಮೇಲೆ ಕ್ಲಬ್‌ಹೌಸಿನಲ್ಲಿ ಕೂತು 'ಇವತ್ತು ಸ್ವಿಂಗೇ ಸರಿ ಇರಲಿಲ್ಲ' ಅನ್ನುತ್ತೇವೆ. ಸ್ವಿಂಗ್ ಸರಿಯಾಗಿಯೇ ಇತ್ತು, ಟವೆಲ್ ಒದ್ದೆಯಾಗಿತ್ತು. ಆದ್ದರಿಂದ ಬಟ್ಟೆಬರೆಯಿಂದಲೇ ಶುರು ಮಾಡೋಣ.

ಟವೆಲ್ ಮೂರು ಬೇಕು, ಮೂರಕ್ಕೂ ಬೇರೆ ಬೇರೆ ಕೆಲಸ. ಒಂದು ಒದ್ದೆ ಟವೆಲ್, ಬ್ಯಾಗಿನ ಹೊರಗೆ ನೇತಾಡುವುದು. ಕ್ಲಬ್ಬಿನ ಮುಖ, ಕೆಸರು, ಚೆಂಡು, ಶೂ ಎಲ್ಲಾ ಇದಕ್ಕೆ. ಎರಡನೆಯದು ಒಣ ಟವೆಲ್, ಕೈ ಮತ್ತು ಗ್ರಿಪ್‌ಗೆ ಮಾತ್ರ. ಇದನ್ನು ಛತ್ರಿಯೊಳಗಿನ ಕಡ್ಡಿಗಳಿಗೆ ಸಿಕ್ಕಿಸಿ ನೇತು ಹಾಕಬೇಕು, ಛತ್ರಿ ಬಿಚ್ಚಿದ್ದಷ್ಟು ಹೊತ್ತೂ ಅದು ಒಣಗಿಯೇ ಇರುತ್ತದೆ. ಮೂರನೆಯದನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬ್ಯಾಗಿನ ಒಳಜೇಬಿಗೆ ಹಾಕಿ. ಹತ್ತನೇ ಹೋಲ್‌ಗೆ ಮುಂಚೆ ಅದನ್ನು ಹೊರತೆಗೆಯಕೂಡದು. ಅವಸರದಲ್ಲಿ ಒಣ ಟವೆಲ್ಲಿನಲ್ಲಿ ಒಮ್ಮೆ ಚೆಂಡಿನ ಕೆಸರು ಒರೆಸಿಬಿಟ್ಟಿರೋ, ಆ ಟವೆಲ್ಲಿನ ಕಥೆ ಅಲ್ಲಿಗೆ ಮುಗಿಯಿತು.

ಮೆತ್ತನೆ ಚರ್ಮದ ಮಾಮೂಲಿ ಗ್ಲೌಸ್ ನೆನೆದರೆ ಸೋಪಿನ ಹಾಗೆ ಜಾರುತ್ತದೆ. ಎರಡು ದಾರಿ ಇವೆ. ಮೊದಲನೆಯದು, ಮೂರು ನಾಲ್ಕು ಚರ್ಮದ ಗ್ಲೌಸ್ ಕವರಿನಲ್ಲಿ ಇಟ್ಟುಕೊಂಡು ನಾಲ್ಕೈದು ಹೋಲ್‌ಗೊಂದು ಬದಲಿಸುವುದು. ಸೋನೆ ಮಳೆಗೆ ಇದು ಸಾಕು. ಎರಡನೆಯದು ಮಳೆ ಗ್ಲೌಸ್. ಇದನ್ನು ಎರಡೂ ಕೈಗೆ ಹಾಕಬೇಕು. ಅದರ ಸಿಂಥೆಟಿಕ್ ಬಟ್ಟೆ ನೆನೆದಷ್ಟೂ ಗಟ್ಟಿ ಹಿಡಿಯುತ್ತದೆ. ಅರ್ಧಂಬರ್ಧ ಒದ್ದೆಯಾಗಿರುವಾಗಲೇ ಅದರ ಹಿಡಿತ ಕಡಿಮೆ, ಆದ್ದರಿಂದ ಮೊದಲ ಟೀಯಲ್ಲೇ, ಅಂದರೆ ಆಟ ಶುರುವಾಗುವ ಜಾಗದಲ್ಲೇ, ನೀರು ಚಿಮುಕಿಸಿ ಪೂರ್ತಿ ನೆನೆಸಿಬಿಡಿ. ಪಟ್ಟಿಂಗ್‌ಗೆ, ಅಂದರೆ ಚೆಂಡನ್ನು ಹೋಲ್‌ಗೆ ಉರುಳಿಸುವಾಗ, ಅದನ್ನು ಬಿಚ್ಚಬೇಡಿ. ಪ್ರತಿ ಗ್ರೀನ್‌ನಲ್ಲೂ, ಹೋಲ್ ಇರುವ ಆ ನುಣುಪು ಹುಲ್ಲಿನಲ್ಲಿ, ತೆಗೆದು ಹಾಕುವ ಗಡಿಬಿಡಿಯಲ್ಲೇ ಅದರ ಒಳಗೆ ಕೆಸರು ಸೇರುವುದು.

ಗ್ರಿಪ್ ರಬ್ಬರು ಹೊಳೆಯುತ್ತಿದ್ದರೆ ಅದು ಸವೆದಿದೆ ಎಂದೇ ಅರ್ಥ. ಬೇಸಿಗೆಯಲ್ಲಿ ಅದು ಗೊತ್ತಾಗುವುದಿಲ್ಲ, ಮೊದಲ ಮಳೆಯಲ್ಲಿ ಗೊತ್ತಾಗುತ್ತದೆ. ಮೇ ತಿಂಗಳಲ್ಲೇ ಬಿಸಿ ನೀರು, ಪಾತ್ರೆ ತೊಳೆಯುವ ಸೋಪು, ಹಳೇ ಟೂತ್‌ಬ್ರಷ್ ತೆಗೆದುಕೊಂಡು ಹದಿಮೂರು ಕ್ಲಬ್ ಮತ್ತು ಪಟರ್ ಎಲ್ಲದರ ಗ್ರಿಪ್ ಉಜ್ಜಿ. ಬೆವರಿನ ಜಿಡ್ಡು ಹೋದ ಮೇಲೂ ಹೊಳಪು ಉಳಿದಿದ್ದರೆ ಹೊಸ ಗ್ರಿಪ್ ಹಾಕಿಸಬೇಕು. ಮಳೆಯಲ್ಲಿ ಹೆಚ್ಚು ಆಡುವವರು ನೂಲು ಸೇರಿಸಿದ ಕಾರ್ಡ್ ಗ್ರಿಪ್ ಹಾಕಿಸುತ್ತಾರೆ. ಅದು ಬರಿಗೈಗೆ ಒರಟು, ಆದರೆ ಒದ್ದೆಯಲ್ಲಿ ಬಿಟ್ಟುಕೊಡುವುದಿಲ್ಲ.

ಛತ್ರಿ ದೊಡ್ಡದೇ ಇರಲಿ, 62 ಅಥವಾ 68 ಇಂಚಿನದು, ಎರಡು ಪದರದ್ದು. ಎರಡು ಪದರದ ನಡುವೆ ಗಾಳಿ ನುಗ್ಗಿ ಹೊರಹೋಗುವುದರಿಂದ ಛತ್ರಿ ಉಲ್ಟಾ ಹೊಡೆಯುವುದು ತಪ್ಪುತ್ತದೆ. ಮಳೆ ಕೋಟಿನ ಲೇಬಲ್ ಮೇಲೆ 10,000 ಮಿಲಿಮೀಟರ್ ಎಂದು ಬರೆದಿರುವುದು ಬಟ್ಟೆ ಸೋರದೆ ತಡೆಯುವ ನೀರಿನ ಕಂಬದ ಎತ್ತರ; ನಾಲ್ಕು ಗಂಟೆಯ ಮಳೆಗೆ ಅಷ್ಟು ಧಾರಾಳ ಸಾಕು. ಆದರೆ ಬೆಂಗಳೂರಿನ 22 ಡಿಗ್ರಿಯಲ್ಲಿ ಮೈಮುಚ್ಚುವ ಕೋಟು ಹಾಕಿ ನಡೆದರೆ ಹೊರಗಿನ ಮಳೆಗಿಂತ ಒಳಗಿನ ಬೆವರೇ ಹೆಚ್ಚು ನೆನೆಸುತ್ತದೆ. ಇಲ್ಲಿಗೆ ಅರ್ಧ ತೋಳಿನ ಮಳೆ ಅಂಗಿ, ಮಡಿಕೇರಿಯ ಚಳಿಗೆ ಪೂರ್ತಿ ಸೂಟು. ಎಲ್ಲಿ ಆಡಿದರೂ ಒಂದು ಜೊತೆ ಕಾಲುಚೀಲ ಹೆಚ್ಚಿಗೆ ಇರಲಿ. ಒಂಬತ್ತು ಹೋಲ್ ಆದ ಮೇಲೆ ಒಣ ಕಾಲುಚೀಲ ಹಾಕಿಕೊಳ್ಳುವ ಸುಖ, ಆಗ ಸಿಗುವ ಬಿಸಿ ಕಾಫಿಗಿಂತ ಒಂದು ತೂಕ ಹೆಚ್ಚೇ.

ಸ್ಕೋರ್‌ಕಾರ್ಡ್ ಕೂಡ ಪ್ಲಾಸ್ಟಿಕ್ ಕವರಿಗೆ ಹೋಗಲಿ. ಬರೆಯಲು ಪೆನ್ಸಿಲ್, ಜೆಲ್ ಪೆನ್ ಕಲೆಸಿ ಹೋಗುತ್ತದೆ. ದೂರ ಅಳೆಯುವ ಲೇಸರ್ ರೇಂಜ್‌ಫೈಂಡರ್ ಜೋರು ಮಳೆಯಲ್ಲಿ ಮುಂದಿನ ಹನಿಗಳಿಗೇ ತಾಗಿ ಸುಳ್ಳು ಲೆಕ್ಕ ಕೊಡುತ್ತದೆ, ಲೆನ್ಸಿನ ಮೇಲೆ ಆವಿಯೂ ಕೂರುತ್ತದೆ. ಆಗ ಗ್ರೀನ್‌ಗೆ ಇನ್ನು 150 ಯಾರ್ಡ್ ಎಂದು ತೋರಿಸುವ ಗುರುತು ಮತ್ತು ಬ್ಯಾಗ್ ಹೊರುವ ಕ್ಯಾಡಿಯ ಕಣ್ಣೇ ಗತಿ.

ಕ್ಯಾಡಿ ಇದ್ದರೆ ಮಳೆಯ ಗಾಲ್ಫ್ ಅರ್ಧ ಸುಲಭ. ಆದರೆ ಇಬ್ಬರ ನಡುವೆ ಒಂದು ಕ್ರಮ ಕೂಡಿ ಬರಬೇಕು. ಚೆಂಡಿನ ಬಳಿ ಹೋದಾಗ ಬ್ಯಾಗಿನ ಮೇಲಿನ ಮುಸುಕು ಮುಚ್ಚಿಯೇ ಇರಲಿ. ಛತ್ರಿಯ ಕೆಳಗೆ ನಿಂತೇ ದೂರ, ಗಾಳಿ, ಕ್ಲಬ್ ಎಲ್ಲ ತೀರ್ಮಾನವಾಗಲಿ. 'ಸರ್, ಸೆವೆನ್ ಸಾಕಾಗಲ್ಲ, ಸಿಕ್ಸ್ ತಗೊಳ್ಳಿ' ಎಂದು, ಅಂದರೆ ಇನ್ನಷ್ಟು ದೂರ ಹೊಡೆಯುವ ಕ್ಲಬ್ ಬೇಕೆಂದು, ಕ್ಯಾಡಿ ಹೇಳಿದ್ದಕ್ಕೆ ಒಪ್ಪಿಗೆಯಾದ ಮೇಲೆ ಮುಸುಕಿನ ಜಿಪ್ ತೆಗೆದು ಒಂದೇ ಕ್ಲಬ್ ಹೊರಗೆ. ಛತ್ರಿ ಕ್ಯಾಡಿಯ ಕೈಯಲ್ಲಿ, ಒಣ ಟವೆಲ್ ಗ್ರಿಪ್ ಮೇಲೆ ಎರಡು ಸಲ, ಒದ್ದೆ ಟವೆಲ್ ಮುಖದ ಗೆರೆಗಳ ಮೇಲೆ ಒಂದು ಸಲ. ಅಭ್ಯಾಸದ ಸ್ವಿಂಗ್ ಛತ್ರಿಯ ಅಂಚಿನಲ್ಲಿ ಒಂದೇ. ಆಮೇಲೆ ಹೊರಗೆ ಬಂದು ಹತ್ತು ಹನ್ನೆರಡು ಸೆಕೆಂಡಿನಲ್ಲಿ ಚೆಂಡು ಹೊರಟುಬಿಡಬೇಕು. ಮಳೆಯಲ್ಲಿ ನಿಂತು ಮೂರು ಸಲ ಅಭ್ಯಾಸ ಮಾಡುವವರ ಕೈಯಲ್ಲಿ ಹೊಡೆಯುವ ಹೊತ್ತಿಗೆ ಒದ್ದೆ ಗ್ರಿಪ್ ಇರುತ್ತದೆ. ಹೊಡೆದ ಕೂಡಲೇ ಗ್ರಿಪ್ಪನ್ನು ಅಂಗಿಯ ಕಂಕುಳಿಗೆ ಸಿಕ್ಕಿಸಿ, ಚೆಂಡು ಬಿದ್ದ ಜಾಗವನ್ನು ಕಣ್ಣಲ್ಲಿ ಹಿಡಿದಿಡಿ. ಮೆತ್ತನೆ ನೆಲದಲ್ಲಿ ಫೇರ್‌ವೇ ನಡುವೆಯೇ ಚೆಂಡು ಹೂತುಹೋಗಿ ಸಿಗದಿರಬಹುದು. ಹುಡುಕಲು ಮೂರೇ ನಿಮಿಷ, ಸಿಗದಿದ್ದರೆ ಅದು ಕಳೆದ ಚೆಂಡೇ. ಹೂತಿರಬೇಕು ಎಂಬ ವಾದಕ್ಕೆ ಬೆಲೆಯಿಲ್ಲ.

ಅಂದಹಾಗೆ ಕ್ಯಾಡಿಗೂ ಒಂದು ಮಳೆ ಅಂಗಿ ಬೇಕಲ್ಲ. ಬ್ಯಾಗಿಗೆ ಮುಸುಕು ಹಾಕಿ, ಅದನ್ನು ಹೊತ್ತವನನ್ನು ನೆನೆಯಲು ಬಿಡುವ ನಾಲ್ವರ ತಂಡಗಳು ಕಮ್ಮಿಯಿಲ್ಲ.

ಇನ್ನು ದೂರದ ಲೆಕ್ಕ. ಮಳೆಗಾಲದ ಗಾಳಿ 'ಭಾರ', ಅದಕ್ಕೇ ಚೆಂಡು ಹೋಗುವುದಿಲ್ಲ ಎನ್ನುವುದು ಎಲ್ಲ ಕ್ಲಬ್‌ಹೌಸುಗಳಲ್ಲೂ ಕೇಳುವ ಮಾತು. ತೇವದ ಗಾಳಿ ನಿಜಕ್ಕೂ ಒಣ ಗಾಳಿಗಿಂತ ಒಂದಿಷ್ಟು ಹಗುರ, ಯಾಕೆಂದರೆ ನೀರಾವಿಯ ಕಣ ನೈಟ್ರೋಜನ್, ಆಕ್ಸಿಜನ್ ಕಣಗಳಿಗಿಂತ ಹಗುರ. ಚೆಂಡು ಮೊಟಕಾಗುವುದಕ್ಕೆ ಬೇರೆ ಕಾರಣಗಳಿವೆ. ತಂಪಿಗೆ ನಾಲ್ಕೈದು ಯಾರ್ಡ್ ಹೋಗುತ್ತದೆ. ಕೋಟಿನೊಳಗೆ ಭುಜ ಪೂರ್ತಿ ತಿರುಗುವುದಿಲ್ಲ. ಎಲ್ಲಕ್ಕಿಂತ ದೊಡ್ಡದು ಉರುಳು. ಒಣ ದಿನ 200 ಯಾರ್ಡ್ ಹಾರಿ 20 ಯಾರ್ಡ್ ಉರುಳುವ ಡ್ರೈವ್, ಅಂದರೆ ಟೀಯಿಂದ ಹೊಡೆಯುವ ಮೊದಲ ಹೊಡೆತ, ಒದ್ದೆ ನೆಲದಲ್ಲಿ ಬಿದ್ದಲ್ಲೇ ಕೂರುತ್ತದೆ. 400 ಯಾರ್ಡಿನ ಪಾರ್ ಫೋರ್‌ನಲ್ಲಿ, ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಹೋಲ್‌ನಲ್ಲಿ, 180 ಉಳಿಯಬೇಕಾದ ಕಡೆ ಈಗ 200 ಉಳಿಯುತ್ತದೆ. ಹವ್ಯಾಸಿಯ ಕೈಗೆ ಅದು ಪಾರ್ ಫೋರ್ ಅಲ್ಲ, ಫೈವ್. ಹಾಗೆ ಅಂದುಕೊಂಡೇ ಆಡಿದರೆ ಎರಡನೇ ಹೊಡೆತದಲ್ಲಿ ಒದ್ದೆ ಹುಲ್ಲಿನಿಂದ ತ್ರೀ ವುಡ್ ಎಂಬ ಉದ್ದನೆ ಕ್ಲಬ್ಬಿನಲ್ಲಿ ಚೆಂಡು ಎತ್ತುವ ಹುಚ್ಚು ಸಾಹಸ ತಪ್ಪುತ್ತದೆ. ಅಂಥಲ್ಲಿ ಎತ್ತಲು ಸುಲಭವಾದ ಹೈಬ್ರಿಡ್ ಅಥವಾ ಸಿಕ್ಸ್ ಐರನ್ ಕ್ಲಬ್, ಆಮೇಲೆ ಗಿಡ್ಡ ದೂರದ ಕ್ಲಬ್ಬಾದ ವೆಡ್ಜಿನಲ್ಲಿ ಒಂದು ಹೊಡೆತ, ಎರಡು ಪಟ್.

ಸ್ಕೋರಿನ ಬಗ್ಗೆ ಬೇಸರ ಬಂದರೆ 2002ರ ಬ್ರಿಟಿಷ್ ಓಪನ್ ಟೂರ್ನಿ ನೆನಪಿಸಿಕೊಳ್ಳಬಹುದು. ಸ್ಕಾಟ್ಲೆಂಡಿನ ಮುಯರ್‌ಫೀಲ್ಡ್‌ನಲ್ಲಿ ಮೂರನೇ ದಿನ ಗಾಳಿ ಮಳೆ ಒಟ್ಟಿಗೆ ಎರಗಿದಾಗ, ಆಗಿನ ವಿಶ್ವದ ನಂಬರ್ ಒನ್ ಟೈಗರ್ ವುಡ್ಸ್ ಪಾರ್ 71ರ ಕೋರ್ಸಿನಲ್ಲಿ 81 ಹೊಡೆದ. ಮರುದಿನ ಅದೇ ಕೋರ್ಸಿನಲ್ಲಿ 65.

ಹೊಡೆತದಲ್ಲಿ ಏನು ಬದಲಾಗಬೇಕು? ಗ್ರಿಪ್ ಒಂದು ಇಂಚು ಕೆಳಗೆ ಹಿಡಿಯಿರಿ, ಒಂದು ಕ್ಲಬ್ ದೊಡ್ಡದು, ಅಂದರೆ ಹೆಚ್ಚು ದೂರ ಹೊಡೆಯುವುದು, ತೆಗೆದುಕೊಳ್ಳಿ, ಮುಕ್ಕಾಲು ಸ್ವಿಂಗ್ ಮಾಡಿ. ಕಾಲು ಜಾರದಿರಲು ನಿಲುವು ಸ್ವಲ್ಪ ಅಗಲವಾಗಿರಲಿ, ಸೊಂಟದ ಆರ್ಭಟ ಕಡಿಮೆ ಇರಲಿ. ಕ್ಲಬ್ ಮೊದಲು ಚೆಂಡಿಗೆ, ಆಮೇಲೆ ನೆಲಕ್ಕೆ ತಾಗಬೇಕು. ಒಣ ನೆಲದಲ್ಲಿ ಅರ್ಧ ಇಂಚು ಹಿಂದೆ ಬಿದ್ದರೂ ಕ್ಲಬ್ ಪುಟಿದು ಚೆಂಡಿಗೆ ತಾಗಿ ಮಾನ ಉಳಿಸುತ್ತದೆ. ಒದ್ದೆ ಕೆಂಪು ಮಣ್ಣಿನಲ್ಲಿ ಅದೇ ತಪ್ಪಿಗೆ ಕ್ಲಬ್ ಹೂತು, ಚೆಂಡು ಮೂವತ್ತು ಯಾರ್ಡ್ ಹೋಗಿ, ಮಣ್ಣು ಮುಖಕ್ಕೆ ಬರುತ್ತದೆ. ಇಲ್ಲಿ ವೆಡ್ಜಿನ ಬೌನ್ಸ್, ಅಂದರೆ ತಳ ಮುಂದಿನ ಅಂಚಿಗಿಂತ ಕೆಳಗೆ ಉಬ್ಬಿರುವ ಕೋನ, ಕೆಲಸಕ್ಕೆ ಬರುತ್ತದೆ. 10ರಿಂದ 14 ಡಿಗ್ರಿ ಬೌನ್ಸ್ ಇದ್ದರೆ ತಳ ಮಣ್ಣಿನ ಮೇಲೆ ಜಾರಿಕೊಂಡು ಹೋಗುತ್ತದೆ. 4, 6 ಡಿಗ್ರಿಯದು ಸಲಿಕೆಯ ಹಾಗೆ ಅಗೆಯುತ್ತದೆ.

ಕ್ಲಬ್ಬಿನ ಮುಖಕ್ಕೂ ಚೆಂಡಿಗೂ ನಡುವೆ ನೀರಿದ್ದರೆ ಹಿಡಿತ ತಪ್ಪಿ ಚೆಂಡು ಮುಖದ ಮೇಲೆ ಜಾರುತ್ತದೆ. ವೆಡ್ಜಿನಲ್ಲಿ ಅದು ಮಾಮೂಲಿಗಿಂತ ಎತ್ತರಕ್ಕೆ, ಕಡಿಮೆ ಸುತ್ತಿನೊಂದಿಗೆ, ಅಂದರೆ ಕಡಿಮೆ ಸ್ಪಿನ್ ಆಗಿ, ಹೊರಡುತ್ತದೆ. ಗ್ರೀನ್ ಮೆತ್ತಗಿರುವುದರಿಂದ ಹೇಗೋ ಬಿದ್ದಲ್ಲೇ ನಿಲ್ಲುತ್ತದೆ, ಆದ್ದರಿಂದ ಧ್ವಜದ ತನಕ ಹಾರಿಸಿಯೇ ಆಡಬೇಕು. ಅಪಾಯ ಇರುವುದು ಫೇರ್‌ವೇ ಅಂಚಿನ ಗಿಡ್ಡ ರಫ್‌ನಲ್ಲಿ, ಅಂದರೆ ಫೇರ್‌ವೇಗಿಂತ ಉದ್ದ ಬಿಟ್ಟ ಹುಲ್ಲಿನಲ್ಲಿ. ಅಲ್ಲಿಂದ ಎಂಟು, ಒಂಬತ್ತನೇ ಐರನ್ ಹೊಡೆದರೆ ಚೆಂಡು ಸುತ್ತಿಲ್ಲದೆ ಗ್ರೀನ್ ದಾಟಿ ಹಿಂದಿನ ಪೊದೆಗೆ ಹೋಗಬಹುದು. ದಟ್ಟ ರಫ್‌ನಲ್ಲಿ ಇದಕ್ಕೆ ತದ್ವಿರುದ್ಧ. ನೆನೆದ ಹುಲ್ಲು ಕ್ಲಬ್ಬಿನ ಕೋಲು ತಲೆಗೆ ಸೇರುವ ಹೋಸಲಿಗೆ ಸುತ್ತಿ ಮುಖವನ್ನು ಎಡಕ್ಕೆ ಮುಚ್ಚಿಬಿಡುತ್ತದೆ. ಒಂಬತ್ತನೇ ಐರನ್ ಗಟ್ಟಿಯಾಗಿ ಹಿಡಿದು ಫೇರ್‌ವೇಗೆ ಬನ್ನಿ, ಅಷ್ಟೇ.

ಚೆಂಡಿಗೆ ಮಣ್ಣು ಅಂಟಿ, ಒರೆಸಲು ಅನುಮತಿ ಇಲ್ಲದಿದ್ದರೆ ಮಣ್ಣು ಯಾವ ಬದಿಗಿದೆ ನೋಡಿ. ಬಲಕ್ಕೆ ಮಣ್ಣಿದ್ದರೆ ಚೆಂಡು ಸಾಮಾನ್ಯವಾಗಿ ಎಡಕ್ಕೆ, ಎಡಕ್ಕಿದ್ದರೆ ಬಲಕ್ಕೆ ಓಡುತ್ತದೆ. ವೇಗ ಕಡಿಮೆಯಾದಷ್ಟೂ ವಾಲುವುದು ಕಡಿಮೆ, ಹಾಗಾಗಿ ದೊಡ್ಡ ಕ್ಲಬ್ಬಿನಲ್ಲಿ ನಿಧಾನವಾಗಿ ಹೊಡೆಯುವುದು ಜಾಣತನ.

ಬಂಕರ್‌ನಲ್ಲಿ, ಅಂದರೆ ಮರಳಿನ ಗುಂಡಿಯಲ್ಲಿ, ಒಣ ದಿನದ ಪಾಠ ತಿರುವುಮುರುವು. ನೆನೆದ ಮರಳು ಗಟ್ಟಿಯಾಗಿರುತ್ತದೆ. ಮುಖ ತೆರೆದು ಎರಡು ಇಂಚು ಹಿಂದೆ ಹೊಡೆದರೆ ಬೌನ್ಸ್ ಮರಳಿನ ಮೇಲೆ ಪುಟಿದು ಕ್ಲಬ್ಬಿನ ಅಂಚು ಚೆಂಡಿನ ಹೊಟ್ಟೆಗೇ ತಾಗುತ್ತದೆ, ಚೆಂಡು ಗ್ರೀನಿನ ಆಚೆ ಬದಿಗೆ. ಬದಲಿಗೆ ಮುಖ ನೇರಕ್ಕೆ ಹತ್ತಿರ ಇರಲಿ, ಕಡಿಮೆ ಬೌನ್ಸಿನ ವೆಡ್ಜ್ ಇದ್ದರೆ ಅದನ್ನೇ ತೆಗೆದುಕೊಳ್ಳಿ, ಚೆಂಡಿನಿಂದ ಒಂದು ಇಂಚು ಹಿಂದೆ ಮರಳಿಗೆ ಹೊಡೆಯಿರಿ, ಸ್ವಿಂಗ್ ಗಿಡ್ಡವಾಗಿರಲಿ. ಚೆಂಡು ಬೇಗ ಹೊರಬಂದು ಸ್ವಲ್ಪ ಹೆಚ್ಚೇ ಉರುಳುತ್ತದೆ, ಬೀಳುವ ಜಾಗ ಅದಕ್ಕೆ ತಕ್ಕಂತೆ ಹತ್ತಿರ ಇಟ್ಟುಕೊಳ್ಳಿ.

ಗ್ರೀನ್ ಮೇಲೆ ಲೆಕ್ಕ ಹಾಕಿ ಆಡಬಹುದು. ಗ್ರೀನಿನ ವೇಗ ಅಳೆಯುವ ಸ್ಟಿಂಪ್‌ಮೀಟರಿನಲ್ಲಿ 9 ಅಡಿ ಓಡುತ್ತಿದ್ದ ಗ್ರೀನ್ ಮಳೆಗೆ 7ಕ್ಕೆ ಇಳಿದಿದೆ ಎಂದುಕೊಳ್ಳಿ. 21 ಅಡಿಯ ಪಟ್‌ಗೆ ಈಗ 27 ಅಡಿಯ ಬಲ ಬೇಕು, ಅಂದರೆ ಹೋಲ್‌ನ ಆಚೆ ಆರಡಿ ದೂರದಲ್ಲಿ ಇನ್ನೊಂದು ಹೋಲ್ ಇದೆ ಎಂದು ಭಾವಿಸಿ ಹೊಡೆಯಬೇಕು. ಜೋರಾಗಿ ಹೊಡೆಯುವುದರಿಂದ ತಿರುವೂ ಕಡಿಮೆ. ಒಣ ದಿನ ಒಂದು ಅಡಿ ಬಲಕ್ಕೆ ಇಡುತ್ತಿದ್ದ ಪಟ್‌ಗೆ ಮುಕ್ಕಾಲು ಅಡಿ ಸಾಕು. ಜತೆಯವರ ಚೆಂಡು ಉರುಳುವಾಗ ಹಿಂದೆ ನೀರಿನ ಬಾಲ ಎಷ್ಟು ಉದ್ದ ಏಳುತ್ತದೆ ನೋಡುತ್ತಿರಿ. ಅದು ಎದ್ದ ಕಡೆ ಇನ್ನೂ ನಿಧಾನ. ಗ್ರೀನ್ ಹೊರಗಿನಿಂದ ಪಟರ್ ಬಳಸುವ ಅಭ್ಯಾಸ ಇದ್ದವರು ಈ ದಿನ ಬಿಡಿ, ನೆನೆದ ಅಂಚಿನ ಹುಲ್ಲು ಚೆಂಡನ್ನು ಅಲ್ಲೇ ಹಿಡಿದುಕೊಳ್ಳುತ್ತದೆ.

ನಿಯಮಗಳು ಗೊತ್ತಿದ್ದರೆ ಮಳೆ ದಿನ ಎರಡು ಮೂರು ಸ್ಟ್ರೋಕ್, ಅಂದರೆ ಹೊಡೆತ, ಪುಕ್ಕಟೆ ಉಳಿಯುತ್ತದೆ. ಗೊತ್ತಿಲ್ಲದಿದ್ದರೆ ಅಷ್ಟೇ ಹೋಗುತ್ತದೆ.

ಮೊದಲು ಟೆಂಪರರಿ ವಾಟರ್, ಅಂದರೆ ನೆಲದ ಮೇಲೆ ತಾತ್ಕಾಲಿಕವಾಗಿ ನಿಂತ ನೀರು. ನೀವು ನಿಲ್ಲುವ ಮುಂಚೆ ಅಥವಾ ನಿಂತ ಮೇಲೆ, ಕಾಲನ್ನು ಒತ್ತಿ ತುಳಿಯದೆ, ನೀರು ಕಾಣುತ್ತಿರಬೇಕು. ಹೆಜ್ಜೆ ಇಟ್ಟಾಗ ಕ್ಷಣಕಾಲ ಜಿನುಗಿ ಮಾಯವಾಗುವುದು ಲೆಕ್ಕಕ್ಕಿಲ್ಲ. ಕೆಸರು, ಮೆತ್ತನೆ ನೆಲವೂ ಇಲ್ಲ, ಬೆಳಗಿನ ಇಬ್ಬನಿಯೂ ಇಲ್ಲ. ಚೆಂಡು, ನಿಲುವು, ಸ್ವಿಂಗಿನ ಜಾಗ ಮೂರರಲ್ಲಿ ಒಂದಕ್ಕೆ ನೀರು ಅಡ್ಡ ಬಂದರೂ ದಂಡವಿಲ್ಲದೆ ಪರಿಹಾರ ಉಂಟು. ನೀರು ಅಡ್ಡ ಬಾರದ ಅತಿ ಹತ್ತಿರದ ಜಾಗ ಗುರುತಿಸಿ, ಅಲ್ಲಿಂದ ಒಂದು ಕ್ಲಬ್ ಉದ್ದದೊಳಗೆ, ಹೋಲ್‌ಗೆ ಹತ್ತಿರವಾಗದಂತೆ, ಮೊಣಕಾಲಿನ ಎತ್ತರದಿಂದ ಡ್ರಾಪ್, ಅಂದರೆ ಚೆಂಡನ್ನು ಕೈಯಿಂದ ಬೀಳಬಿಡುವುದು. 'ಅತಿ ಹತ್ತಿರದ' ಎಂಬ ಮಾತು ಕಟ್ಟುನಿಟ್ಟು. ಆ ಜಾಗ ರಫ್‌ನಲ್ಲಿ ಬಿದ್ದರೆ ರಫ್‌ನಲ್ಲೇ. ಫೇರ್‌ವೇ ಕಡೆ ಚೆನ್ನಾಗಿದೆ ಎಂದು ಅಲ್ಲಿಗೆ ಹೋಗುವಂತಿಲ್ಲ. ಮೊದಲು ಎರಡೂ ಬದಿ ನೋಡಿ, ಆಮೇಲೆ ಚೆಂಡು ಎತ್ತಿ. ಪರಿಹಾರ ನಿಮ್ಮ ಹಕ್ಕು, ಬಲವಂತ ಅಲ್ಲ, ಇದ್ದಲ್ಲಿಂದಲೂ ಆಡಬಹುದು.

ಹಲವರು ಬಿಟ್ಟುಕೊಡುವ ಒಂದು ಲಾಭ ಕೆರೆಯ ಅಂಚಿನಲ್ಲಿದೆ. ಕೆರೆ ತುಂಬಿ, ದಂಡದ ಪ್ರದೇಶದ ಅಂಚು ತೋರಿಸುವ ಕೆಂಪು ಗೂಟದ ಗೆರೆ ದಾಟಿ ಹರಿದಿದ್ದರೆ, ಗೆರೆಯ ಹೊರಗಿನ ನೀರು ಟೆಂಪರರಿ ವಾಟರ್, ಪುಕ್ಕಟೆ ಪರಿಹಾರ. ಗೆರೆಯ ಒಳಗಾದರೆ ಇಲ್ಲ.

ಬಂಕರ್‌ನಲ್ಲಿ ನೀರು ನಿಂತಿದ್ದರೆ ಪುಕ್ಕಟೆ ಡ್ರಾಪ್ ಬಂಕರ್ ಒಳಗೇ ಆಗಬೇಕು. ಪೂರ್ತಿ ಕೆರೆಯಾಗಿದ್ದರೆ ನೀರು ಅತಿ ಕಡಿಮೆ ಇರುವ ಜಾಗದಲ್ಲಿ. ಹೊರಗೆ ಬರಬೇಕೆಂದರೆ ಒಂದು ಸ್ಟ್ರೋಕ್ ದಂಡ ತೆತ್ತು, ಹೋಲ್‌ನಿಂದ ಚೆಂಡಿನ ಮೂಲಕ ಎಳೆದ ಗೆರೆಯ ಮೇಲೆ ಹಿಂದಕ್ಕೆ. ಕೋರ್ಸಿನ ಕಮಿಟಿಯವರು ತುಂಬಿದ ಬಂಕರನ್ನು ದುರಸ್ತಿಯಲ್ಲಿರುವ ನೆಲವೆಂದು ಲೋಕಲ್ ರೂಲ್‌ನಲ್ಲಿ ಮೊದಲೇ ಸಾರಿದ್ದರೆ ದಂಡವಿಲ್ಲದೆ ಹೊರಗೆ ಬರಬಹುದು. ನೋಟಿಸ್ ಬೋರ್ಡ್ ಓದದೆ ಟೀಗೆ ಓಡುವವರಿಗೆ ಇದು ತಿಳಿಯುವುದು ಆಟ ಮುಗಿದ ಮೇಲೆ.

ಗ್ರೀನ್ ಮೇಲೆ ಚೆಂಡಿದ್ದು ಪಟ್ಟಿನ ದಾರಿಯಲ್ಲಿ ನೀರು ನಿಂತಿದ್ದರೂ ಪರಿಹಾರ ಉಂಟು, ಚೆಂಡನ್ನು ಡ್ರಾಪ್ ಮಾಡದೆ ಇಡಬೇಕು. ಚೆಂಡು ಗ್ರೀನ್ ಹೊರಗೆ ಅರ್ಧ ಅಡಿ ಇದ್ದರೂ ದಾರಿಯ ನೀರಿಗೆ ಪರಿಹಾರ ಇಲ್ಲ. ಆ ನೀರನ್ನು ಟವೆಲ್ಲಿನಿಂದ ಹೀರಿಸುವುದು, ಕಾಲಿನಿಂದ ತಳ್ಳುವುದು ಎರಡೂ ತಪ್ಪು. ಎಲೆ ಕಡ್ಡಿ ತೆಗೆಯಬಹುದು. ಟೀಯಿಂಗ್ ಜಾಗದಲ್ಲಿ ಮಾತ್ರ ನೀರು, ಇಬ್ಬನಿ ಒರೆಸುವುದಕ್ಕೆ ಅಡ್ಡಿಯಿಲ್ಲ.

ಹೂತ ಚೆಂಡಿನ ನಿಯಮ ಉದಾರ. ನಿಮ್ಮದೇ ಹೊಡೆತ ಮಾಡಿದ ಗುಳಿಯಲ್ಲಿ ಚೆಂಡು ಕೂತು, ಅದರ ಒಂದು ಭಾಗ ನೆಲಮಟ್ಟಕ್ಕಿಂತ ಕೆಳಗಿದ್ದರೆ ಫೇರ್‌ವೇಯಲ್ಲೂ ರಫ್‌ನಲ್ಲೂ ಪುಕ್ಕಟೆ. ಚೆಂಡಿನ ನೇರ ಹಿಂದಿನ ಬಿಂದುವಿನಿಂದ ಒಂದು ಕ್ಲಬ್ ಉದ್ದ, ಚೆಂಡನ್ನು ಒರೆಸಿಯೂ ಕೊಳ್ಳಬಹುದು. ಬಂಕರ್‌ನ ಮರಳಿನಲ್ಲಿ ಹೂತರೆ ಈ ಸೌಲಭ್ಯ ಇಲ್ಲ.

ಛತ್ರಿಯ ನಿಯಮದಲ್ಲಿ ಅನುಭವಸ್ಥರೂ ಎಡವುತ್ತಾರೆ. ನೀವು ಹೊಡೆಯುವಾಗ ಕ್ಯಾಡಿ ಛತ್ರಿ ಹಿಡಿದು ಮಳೆ ತಡೆದರೆ ಸ್ಟ್ರೋಕ್ ಪ್ಲೇಯಲ್ಲಿ, ಅಂದರೆ ಒಟ್ಟು ಹೊಡೆತ ಎಣಿಸುವ ಆಟದಲ್ಲಿ, ಎರಡು ಸ್ಟ್ರೋಕ್ ದಂಡ. ಎರಡು ಇಂಚಿನ ಪಟ್ಟಿಗೂ ಅಷ್ಟೇ. ಆದರೆ ಅದೇ ಪಟ್ಟನ್ನು ನೀವೇ ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಪಟರ್ ಹಿಡಿದು ತಳ್ಳಿದರೆ ತಪ್ಪೇನಿಲ್ಲ.

'ಇವತ್ತು ಪ್ಲೇಸಿಂಗ್ ಇದೆಯಾ?' ಎಂಬುದು ಮಳೆಗಾಲದ ಮೊದಲ ಪ್ರಶ್ನೆ. ಫೇರ್‌ವೇಯಲ್ಲಿ ಚೆಂಡು ಎತ್ತಿ, ಒರೆಸಿ, ಇಡುವ ಅವಕಾಶ ಕಮಿಟಿ ಸಾರಿದರೆ ಮಾತ್ರ. ಆರು ಇಂಚೋ, ಸ್ಕೋರ್‌ಕಾರ್ಡ್ ಉದ್ದವೋ, ಕ್ಲಬ್ ಉದ್ದವೋ ಎಂದು ಅವರೇ ಹೇಳುತ್ತಾರೆ. ಒಮ್ಮೆ ಇಟ್ಟು ಚೆಂಡು ನಿಂತರೆ ಮುಗಿಯಿತು, ಮತ್ತೆ ಎತ್ತಿ ಇನ್ನೂ ಒಳ್ಳೆಯ ಹುಲ್ಲು ಹುಡುಕುವಂತಿಲ್ಲ. ಪ್ಲೇಸಿಂಗ್ ಜಾರಿಯಲ್ಲಿದ್ದರೂ ಸ್ಕೋರ್ ಹ್ಯಾಂಡಿಕ್ಯಾಪ್‌ಗೆ, ಅಂದರೆ ಆಟಗಾರನ ಮಟ್ಟ ತೋರಿಸುವ ಅಂಕಿಗೆ, ನಡೆಯುತ್ತದೆ. ಆ ದಿನ ಎಲ್ಲರದ್ದೂ ಕೆಟ್ಟಿದ್ದರೆ ವರ್ಲ್ಡ್ ಹ್ಯಾಂಡಿಕ್ಯಾಪ್ ಸಿಸ್ಟಮ್ ತಾನೇ ಲೆಕ್ಕ ಹಾಕಿ ಮೂರು ಸ್ಟ್ರೋಕ್‌ವರೆಗೆ ಹೊಂದಿಸುತ್ತದೆ, ಆದರೆ ಆ ಕೋರ್ಸಿನಲ್ಲಿ ಕನಿಷ್ಠ ಎಂಟು ಸ್ಕೋರ್ ದಾಖಲಾಗಿರಬೇಕು. ಮಳೆಯ ಸ್ಕೋರ್ ನಾಚಿಕೆಗೆ ಮುಚ್ಚಿಟ್ಟರೆ ನಷ್ಟ ನಿಮಗೂ, ಉಳಿದವರಿಗೂ.

ಇನ್ನು ಸಿಡಿಲು. ಬರೀ ಮಳೆಗೆ ಆಟ ನಿಲ್ಲಿಸಲು ನಿಯಮ ಒಪ್ಪುವುದಿಲ್ಲ. ಸಿಡಿಲಿನ ಅಪಾಯ ಇದೆ ಎಂದು ನಿಮಗೆ ಸಕಾರಣವಾಗಿ ಅನ್ನಿಸಿದರೆ ಯಾರ ಅಪ್ಪಣೆಗೂ ಕಾಯದೆ ನಿಲ್ಲಿಸಬಹುದು. ಉದ್ದನೆಯ ಒಂದೇ ಸೈರನ್ ಕೂಗಿದರೆ ತಕ್ಷಣ ನಿಲ್ಲಿಸಬೇಕು, ಚೆಂಡಿನ ಮುಂದೆ ನಿಂತಿದ್ದರೂ ಆ ಹೊಡೆತ ಹೊಡೆಯಕೂಡದು. ಮೂರು ಸಲ ಕೂಗಿದರೆ ಮಾಮೂಲಿ ನಿಲುಗಡೆ, ಎರಡು ಗಿಡ್ಡ ಕೂಗಿಗೆ ಆಟ ಮತ್ತೆ ಶುರು. ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಮೂವತ್ತರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ, ನಡೆಯಿರಿ ಒಳಗೆ. ಕೊನೆಯ ಗುಡುಗು ಕೇಳಿ ಮೂವತ್ತು ನಿಮಿಷ ಆಗುವ ತನಕ ಹೊರಗೆ ಬರಬೇಡಿ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನ 'ದಾಮಿನಿ' ಆ್ಯಪ್ ನೀವಿರುವ ಜಾಗದ ಸುತ್ತ 20 ಮತ್ತು 40 ಕಿಲೋಮೀಟರ್ ವೃತ್ತದಲ್ಲಿ ಸಿಡಿಲು ತೋರಿಸುತ್ತದೆ, ಅದು ಫೋನಿನಲ್ಲಿರಲಿ.

ಓಡಿ ಹೋಗಿ ಮರದ ಕೆಳಗೆ ನಿಲ್ಲುವುದು ಎಲ್ಲಕ್ಕಿಂತ ಕೆಟ್ಟದ್ದು. ಗೋಡೆಯಿಲ್ಲದ ಮಳೆ ಗೂಡು, ಗಾಲ್ಫ್ ಕಾರ್ಟ್ ಎರಡೂ ಮಳೆ ತಡೆಯುತ್ತವೆ, ಸಿಡಿಲು ತಡೆಯುವುದಿಲ್ಲ. ಗೋಡೆ, ವೈರಿಂಗ್ ಇರುವ ಕಟ್ಟಡ ಅಥವಾ ಲೋಹದ ಛಾವಣಿ ಇರುವ, ಕಿಟಕಿ ಮುಚ್ಚಿದ ಕಾರು ಸುರಕ್ಷಿತ. ಬಿಚ್ಚಿದ ಛತ್ರಿ ಹಿಡಿದು ಬಯಲಿನಲ್ಲಿ ನಡೆಯಬೇಡಿ, ಫೈಬರ್‌ಗ್ಲಾಸ್ ಕಡ್ಡಿ ಎಂಬ ಧೈರ್ಯ ಬೇಡ. 1975ರಲ್ಲಿ ಅಮೆರಿಕದ ವೆಸ್ಟರ್ನ್ ಓಪನ್‌ನಲ್ಲಿ ಲೀ ಟ್ರೆವಿನೊ ಸೇರಿ ಮೂವರು ವೃತ್ತಿಪರರು ಸಿಡಿಲಿನ ಹೊಡೆತಕ್ಕೆ ಸಿಕ್ಕಿ ಬದುಕಿಕೊಂಡರು. 1991ರ ಯುಎಸ್ ಓಪನ್‌ನಲ್ಲಿ ಆಟ ನೋಡಲು ಬಂದ ಒಬ್ಬರು ಬದುಕಲಿಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಪದಕಕ್ಕೆ ಒಂದೇ ಸ್ಟ್ರೋಕ್ ದೂರದಲ್ಲಿ ನಾಲ್ಕನೆಯವರಾದ ಆ ಕೊನೆಯ ಸುತ್ತು ಕೂಡ ಗುಡುಗು ಮಳೆಗೆ ನಡುವೆ ನಿಂತು ಮತ್ತೆ ನಡೆದದ್ದು. ಒಲಿಂಪಿಕ್ಸ್ ಪದಕವೇ ಕಾಯುತ್ತದೆ, ಭಾನುವಾರದ ನಾಲ್ವರ ಪಂದ್ಯ ಕಾಯದೇ?

ಕೊಡಗಿನ ಕಡೆ ಆಡುವವರಿಗೆ ಇಂಬಳದ ಮಾತೊಂದು. ರಫ್‌ನಲ್ಲಿ ಚೆಂಡು ಹುಡುಕುತ್ತಾ ನಿಂತರೆ ಶೂ ಹತ್ತುತ್ತವೆ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಚೀಲದ ಮೇಲೆ ನಶ್ಯ ಅಥವಾ ಉಪ್ಪು ಉಜ್ಜಿ. ಪೊದೆಯೊಳಗೆ ಕೈ ಹಾಕುವ ಮುಂಚೆ ಕ್ಲಬ್ಬಿನಿಂದ ತಟ್ಟಿ. ಮಳೆಗಾಲದಲ್ಲಿ ಬಿಲದಲ್ಲಿ ನೀರು ತುಂಬಿ ಹಾವುಗಳೂ ಹೊರಗಿರುತ್ತವೆ.

ಮನೆಗೆ ಬಂದ ಮೇಲೆ ಬ್ಯಾಗನ್ನು ಕಾರಿನ ಡಿಕ್ಕಿಯಲ್ಲೇ ಬಿಡುವುದು ದೊಡ್ಡ ತಪ್ಪು. ಕ್ಲಬ್ಬುಗಳನ್ನೆಲ್ಲ ಹೊರತೆಗೆದು ಗೋಡೆಗೆ ಒರಗಿಸಿ. ಡ್ರೈವರಿನ ತಲೆಯ ಕವರನ್ನು ಒದ್ದೆಯಾಗಿ ಹಾಕಿಟ್ಟರೆ ಬೂಸಲು ಹಿಡಿಯುತ್ತದೆ, ಸ್ಟೀಲ್ ಶಾಫ್ಟಿನ ಬುಡದಲ್ಲಿ ನೀರು ಉಳಿದರೆ ತುಕ್ಕು. ಬ್ಯಾಗಿನ ಎಲ್ಲ ಜಿಪ್ ಬಿಚ್ಚಿ, ತಲೆಕೆಳಗಾಗಿ ಒಂದು ಗಂಟೆ ಇಟ್ಟು, ಆಮೇಲೆ ಫ್ಯಾನ್ ಕೆಳಗೆ. ಶೂ ಒಳಗಿನ ಅಟ್ಟೆ ತೆಗೆದು, ಹಳೇ ಪೇಪರ್ ಉಂಡೆ ಮಾಡಿ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ. ಬಿಸಿಲಿಗೋ ಹೇರ್ ಡ್ರೈಯರಿಗೋ ಇಟ್ಟರೆ ಗೋಂದು ಬಿಟ್ಟು ತಳ ಬಾಯಿ ತೆರೆಯುತ್ತದೆ. ಚರ್ಮದ ಗ್ಲೌಸನ್ನು ಮುದ್ದೆ ಮಾಡದೆ ಬೆರಳು ನೆಟ್ಟಗೆ ಮಾಡಿ ನೆರಳಲ್ಲಿ ಹರಡಿ. ಛತ್ರಿಯನ್ನು ಹಜಾರದಲ್ಲಿ ಬಿಚ್ಚಿ ಇಡಬೇಕಾಗುತ್ತದೆ, 68 ಇಂಚಿನದ್ದಾದರೆ ಅದೇ ಅರ್ಧ ಹಜಾರ. ಮನೆಯವರ ಹತ್ತಿರ ಮೊದಲೇ ಹೇಳಿಡಿ.